ಗಾಳ ಹಾಕುವ ಭಾವ, ಡಬ್ಬಿ ಹೊರುವ ನಾನು

ನಮ್ಮ ರಾಜ್ಯದಲ್ಲಿ ಕಣ್ಣಿಗೆ ಕಾಣುವ ಮೀನನ್ನು ಹಿಡಿಯುವಂತಿಲ್ಲ, ಹಿಡಿಯಬಹುದಾದ ಮೀನು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಭಾವನ ಅರ್ಧ ಆಯುಷ್ಯದ ಸಂಕಟವೆಲ್ಲ ಇಷ್ಟೇ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ಕಪ್ಪು ಬೆನ್ನುಗಳು ಒಂದರ ಮೇಲೊಂದು ಬಿದ್ದು, ಬಾಯಿ ತೆರೆದು, ಮುಂದಿನ ಹಿಡಿ ಯಾವಾಗ ಎಂದು ಕೇಳುತ್ತವೆ. ಉಳಿದ ಭಕ್ತರು ಕೈಮುಗಿಯುತ್ತಾರೆ. ಭಾವ ಮಾತ್ರ ಸಣ್ಣಗೆ ತುಟಿ ಅಲ್ಲಾಡಿಸುತ್ತಿರುತ್ತಾರೆ. ಮಂತ್ರವಲ್ಲ. "ಎರಡೂವರೆ ಕಿಲೋ... ಮೂರು... ಅಯ್ಯೋ, ಆ ಕಡೆಯದು ನಾಲ್ಕಕ್ಕೆ ಕಡಿಮೆಯಿಲ್ಲ." ಅಕ್ಕ ಬೆನ್ನಿಗೆ ತಿವಿಯುತ್ತಾಳೆ. ಶಿಶಿಲದ ಕಪಿಲೆಯಲ್ಲೂ, ತೀರ್ಥಹಳ್ಳಿಯ ಬಳಿಯ ಚಿಬ್ಬಲಗುಡ್ಡೆಯಲ್ಲೂ, ರಾಮನಾಥಪುರದ ಕಾವೇರಿಯಲ್ಲೂ ಇದೇ ಕಥೆ. ದೇವರ ಮೀನು, ಮುಟ್ಟುವಂತಿಲ್ಲ. ಅದು ಮೀನಿಗೂ ಗೊತ್ತು ಎಂಬುದು ಭಾವನ ವಾದ. "ಹೇಗೆ ದಿಟ್ಟಿಸುತ್ತದೆ ನೋಡು ಮಾರಾಯ! ಊರ ಕೆರೆಯ ಮೀನಿಗೆ ಈ ಸೊಕ್ಕು ಇದೆಯೇ?"

ಊರ ಕೆರೆಯ ಮೀನಿಗೆ ಸೊಕ್ಕು ಇಲ್ಲದಿರಬಹುದು, ಬುದ್ಧಿ ಧಾರಾಳವಾಗಿದೆ. ಕೆರೆಯ ಮೀನು ಹರಾಜಿನಲ್ಲಿ ಕೂಗಿದವರ ಪಾಲು. ಅವರಿಗೆ ಕಾಫಿ, ಕೋಡುಬಳೆ ಕೊಟ್ಟು ಒಲಿಸಿಕೊಂಡು, ಒಂದು ಮೂಲೆಯಲ್ಲಿ ಗಾಳ ಹಾಕಲು ಭಾವ ಅನುಮತಿ ಪಡೆದಿದ್ದರು. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ಒಂದರ ಊಟಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲವೆಂದೇ ಮೂರರ ಮರಿಗಳನ್ನೂ ಒಟ್ಟಿಗೆ ಬಿಡುತ್ತಾರೆ. ಭಾವ ಇದನ್ನು ನನಗೆ ಬಾಯಿಪಾಠ ಮಾಡಿಸಿದ್ದಾರೆ. ಅದಕ್ಕೆ ತಕ್ಕ ಹಾಗೆ ಬೆಂಡನ್ನು ಮೇಲೆ ಕೆಳಗೆ ಸರಿಸಿ ಕಟ್ಟುವುದು ಅವರ ಕೆಲಸ. ಎರೆಹುಳುವಿನ ಡಬ್ಬಿ ಹಿಡಿದುಕೊಂಡು ಮಾತಾಡದೆ ಕುಳಿತಿರುವುದು ನನ್ನ ಕೆಲಸ. ಆ ಕೆರೆಯೊಂದು ಮೂರಂತಸ್ತಿನ ಮನೆ; ಯಾವ ಅಂತಸ್ತಿನ ಬಾಗಿಲು ಬಡಿದರೂ ಒಳಗೆ ಯಾರೂ ಇಲ್ಲ. ಬಂದವರೆಂದರೆ ಊರಿನವರು ಜಿಲೇಬಿ ಎನ್ನುವ ತಿಲಾಪಿಯಾ, ಅದೂ ಅಂಗೈಯಷ್ಟು. 1952ರಲ್ಲಿ ದೇಶದೊಳಗೆ ತಂದು ಬಿಟ್ಟಂದಿನಿಂದ ಅದು ಸೇರದ ಕೆರೆಯಿಲ್ಲ, ಹೊಗದ ಹೊಂಡವಿಲ್ಲ.

ಈ ಡಬ್ಬಿಯ ವಿಚಾರ ಸ್ವಲ್ಪ ಹೇಳಬೇಕು. ಐಸ್‌ಕ್ರೀಂ ಮುಗಿದ ಮೇಲೆ ಅದರ ಪ್ಲಾಸ್ಟಿಕ್ ಡಬ್ಬಿಯನ್ನು ಎಸೆದ ಗೃಹಿಣಿ ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ. ಅಕ್ಕನ ಮನೆಯ ಕಪಾಟಿನ ತುಂಬ ಒಂದೇ ಅಳತೆಯ, ಒಂದೇ ಬಣ್ಣದ ಡಬ್ಬಿಗಳು. ಒಂದರಲ್ಲಿ ಹಪ್ಪಳದ ಚೂರು, ಒಂದರಲ್ಲಿ ಗುಂಡಿ, ಸೂಜಿ, ದಾರ. ಭಾವ ತೆಂಗಿನ ಬುಡದ ತಂಪು ಮಣ್ಣು ಅಗೆದು, ಎರೆಹುಳುಗಳನ್ನು ಹಸಿ ಮಣ್ಣಿನ ಸಮೇತ ಅಂಥದೇ ಒಂದರಲ್ಲಿ ತುಂಬಿ, ಮುಚ್ಚಳಕ್ಕೆ ತೂತು ಕೊರೆದು, ರಾತ್ರಿಯೇ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದರು. ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ. ಬೆಳಿಗ್ಗೆ ಕತ್ತಲಲ್ಲಿ ಚೀಲ ತುಂಬಿಕೊಟ್ಟವಳು ಅಕ್ಕ.

ಕೆರೆ ಏರಿಯ ಮೇಲೆ ಡಬ್ಬಿ ತೆರೆದರೆ ಘಮ್ಮೆಂದು ಇಂಗಿನ ವಾಸನೆ. ಭಾವ ಒಂದು ನಿಮಿಷ ಯೋಚಿಸಿ, ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು, ಮಿಡಿಯೊಂದನ್ನು ಸೀಳಿ ಗಾಳಕ್ಕೆ ಸಿಕ್ಕಿಸಿಯೇ ಬಿಟ್ಟರು. ಬೆಂಡು ಅಲ್ಲಾಡಿತು! ಎಳೆದರೆ ಏಡಿ. ಅದು ಮಿಡಿಯನ್ನು ಕೊಂಡಿಯಲ್ಲಿ ಹಿಡಿದು ದಡದವರೆಗೂ ಬಂದು, ನಮ್ಮ ಮುಖ ನೋಡಿ, ಮಿಡಿಯ ಸಮೇತ ನೀರಿಗೆ ಜಾರಿತು. ಮಧ್ಯಾಹ್ನದ ಹೊತ್ತಿಗೆ ಭಾವನ ಮೊಬೈಲ್ ರಿಂಗಾಯಿತು. ಅತ್ತ ಅಕ್ಕನ ದನಿ ವಿಚಿತ್ರ ಶಾಂತವಾಗಿತ್ತು. "ಅತ್ತೆಯವರು ಮೊಸರನ್ನ ಕಲಸಿಕೊಂಡು ಡಬ್ಬಿ ತೆರೆದರು. ಸಂಜೆ ನಿಧಾನವಾಗಿ ಬನ್ನಿ, ಅವಸರವಿಲ್ಲ." ನಾವು ಕತ್ತಲಾಗುವವರೆಗೂ ಕೆರೆಯ ಬಳಿಯೇ ಇದ್ದೆವು. ಮೀನಿನ ಆಸೆಯಿಂದಲ್ಲ.

ಭಾವನ ದೊಡ್ಡ ಕನಸು ಕಾವೇರಿಯ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಹಿಡಿದಿದ್ದರು. ಅಕ್ಕನ ತೂಕಕ್ಕಿಂತ ಹೆಚ್ಚು ಎಂದು ಭಾವ ಒಮ್ಮೆ ಅಕ್ಕನ ಎದುರಿಗೇ ಹೇಳಿದರು. ಆ ವಾರದ ಅಡುಗೆಯ ವಿವರ ಇಲ್ಲಿ ಬೇಡ. ಆ ಮೀನಿಗೆ ರಾಗಿ ಹಿಟ್ಟಿನ ಉಂಡೆಯೆಂದರೆ ಪ್ರಾಣ ಎಂದು ಯಾರೋ ಹೇಳಿದ್ದನ್ನು ಕೇಳಿ, ಉಪ್ಪಿಲ್ಲದೆ, ನೀರಿನಲ್ಲಿ ಕರಗದಿರಲೆಂದು ಬೇಕೆಂದೇ ಗಟ್ಟಿಯಾಗಿ ಬೇಯಿಸಿದ ಉಂಡೆಗಳನ್ನು ಕಟ್ಟಿಕೊಂಡು ಭೀಮೇಶ್ವರಿಗೆ ಹೊರಟೆವು. ಹಿಂದೆ ವಿದೇಶಿಯರು ಬಂದು, ಹಿಡಿದು, ಫೋಟೋ ತೆಗೆಸಿಕೊಂಡು, ಮತ್ತೆ ಹೊಳೆಗೆ ಬಿಡುತ್ತಿದ್ದ ಜಾಗ ಅದು. ನಾವು ಹೋಗುವ ಹೊತ್ತಿಗೆ ಅದೆಲ್ಲ ನಿಂತುಹೋಗಿತ್ತು. "ವನ್ಯಜೀವಿ ಧಾಮ ಸಾರ್, ಗಾಳ ಕಾರಿನಲ್ಲೇ ಇರಲಿ" ಎಂದರು ಸಿಬ್ಬಂದಿ. ನಿಷೇಧ ಸರಿಯಾದದ್ದೇ. ಗೂನು ಬೆನ್ನಿನ ಆ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ತೀರಾ ಕೊನೆಯ ಮೆಟ್ಟಿಲಿಗೆ ಬಂದು ನಿಂತಿದೆ. ಆದರೆ ಇನ್ನೂರು ಮೈಲಿ ಕಾರು ಓಡಿಸಿಕೊಂಡು ಬಂದವರಿಗೆ ಅಷ್ಟು ಉದಾರವಾಗಿ ಯೋಚಿಸಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಹೊಟ್ಟೆಗೆ ಚಿತ್ರಾನ್ನವಿತ್ತು. ಮರದ ಕೆಳಗೆ ಪೊಟ್ಟಣ ಬಿಚ್ಚುವಾಗ ಮೇಲಿನಿಂದ ಒಂದು ಕೋತಿ ಇಳಿದು, ಎರಡು ಪೊಟ್ಟಣಗಳನ್ನೂ ಮೂಸಿ, ರಾಗಿ ಉಂಡೆಯನ್ನು ತಿರಸ್ಕಾರದಿಂದ ಪಕ್ಕಕ್ಕೆ ತಳ್ಳಿ, ಚಿತ್ರಾನ್ನ ಎತ್ತಿಕೊಂಡು ಹೋಯಿತು. ಮಹಶೀರ್‌ಗೆಂದು ಬೇಯಿಸಿದ್ದನ್ನು ನಾವೇ ತಿಂದೆವು. ನುಂಗಲು ಕಾವೇರಿಯ ನೀರು ಸಾಕಷ್ಟು ಬೇಕಾಯಿತು. "ಈ ಮೀನಿಗೆ ಇದರಲ್ಲಿ ಏನು ಕಂಡಿತು ಮಾರಾಯ?" ಎಂದು ಭಾವ ಮೊದಲ ಬಾರಿಗೆ ಮಹಶೀರ್‌ನ ಅಭಿರುಚಿಯ ಬಗ್ಗೆ ಸಂಶಯ ವ್ಯಕ್ತಪಡಿಸಿದರು.

ಹತ್ತುಮೀನಿನ ರಾತ್ರಿಯದು ಚಿಕ್ಕ ಕಥೆ. ಮಲೆನಾಡಿನಲ್ಲಿ ಮೊದಲ ದೊಡ್ಡ ಮಳೆಗೆ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಗದ್ದೆಗೆ ಹತ್ತುತ್ತವೆ. ಭಾವ ಟಾರ್ಚ್ ಹಿಡಿದು, ಗದ್ದೆಯ ಬದುವಿನ ಕಂಡಿಗೆ ತಮ್ಮ ಕೊಡೆಯನ್ನೇ ತಲೆಕೆಳಗಾಗಿ ಬಿಡಿಸಿಟ್ಟು ಕಾದರು. ನಾನು ಉಂಬಳ ಕೀಳುತ್ತ ನಿಂತಿದ್ದೆ. ಕೊಡೆಯೊಳಗೆ ದೊಪ್ಪೆಂದು ಉದ್ದನೆಯದೇನೋ ಬಿತ್ತು. "ಒಳ್ಳೆ ಹಾವು! ವಿಷವಿಲ್ಲ! ಹೆದರಬೇಡ, ವಿಷವಿಲ್ಲ!" ಎಂದು ಕೂಗುತ್ತಲೇ ಭಾವ ನನ್ನನ್ನು ದಾಟಿ, ಬದು ದಾಟಿ, ಅಡಿಕೆ ತೋಟ ದಾಟಿ ಓಡಿದರು.

ಕೊನೆಗೆ ಭಾವನಿಗೆ ಮೀನು ದಕ್ಕಿದ್ದು ಸಾಗರದ ಕಡೆಯ ಒಂದು ಕೆರೆಬೇಟೆಯಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಊರಿಗೆ ಊರೇ ಕೂಣಿ ಎಂಬ ತಳವಿಲ್ಲದ ಬಿದಿರಿನ ಬುಟ್ಟಿ ಹಿಡಿದು ಕೆರೆಗೆ ಇಳಿಯುತ್ತದೆ. ಕೆಸರಿನಲ್ಲಿ ಕೂಣಿಯನ್ನು ದಬಕ್ಕನೆ ಊರಿ, ಮೇಲಿನ ಕಿಂಡಿಯಿಂದ ಕೈ ಇಳಿಬಿಟ್ಟು ತಡಕಬೇಕು. ಯಾರ ಮುಖವೂ ಗುರುತು ಸಿಗದಷ್ಟು ಕೆಸರು. ಭಾವ ಊರಿದರು, ತಡಕಿದರು, ಮುಖ ಅರಳಿತು. "ಸಿಕ್ಕಿತು!" ಎಂದರು. ಮರುಕ್ಷಣ "ಸಿಕ್ಕಿತು" ಎಂಬುದು ಬೇರೆಯೇ ರಾಗದಲ್ಲಿ ಹೊರಟಿತು. ಚೇಳು ಮೀನು. ಅದರ ಕಿವಿರಿನ ಹಿಂದಿನ ರೆಕ್ಕೆಯಲ್ಲಿ ವಿಷದ ಮುಳ್ಳು ಇರುತ್ತದೆ. ಹೆಬ್ಬೆರಳು ಊದಿ, ನೋವು ಮೊಣಕೈವರೆಗೆ ಏರಿತು. ಆದರೂ ಅವರು ಕೈ ಬಿಡಲಿಲ್ಲ ಎಂಬುದನ್ನು ದಾಖಲಿಸಬೇಕು. ಮೀನನ್ನು ನನ್ನ ಡಬ್ಬಿಗೆ ಹಾಕಿಯೇ ಆಸ್ಪತ್ರೆಗೆ ಬಂದರು.

ವೈದ್ಯರು ಬೆರಳನ್ನು ನೋಡಿ, ತಾಳಿಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಮುಳುಗಿಸಿಡಲು ಹೇಳಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರು. ಕುತೂಹಲದಿಂದ ಡಬ್ಬಿಯ ಮುಚ್ಚಳ ಸರಿಸಿದರು. ಅವರ ತುಟಿ ಸಣ್ಣಗೆ ಅಲ್ಲಾಡಿತು. ಎದ್ದುಹೋಗಿ ಹೊರಗಿನ ರೋಗಿಗಳಿಗೆ ಕೇಳಿಸದಂತೆ ಬಾಗಿಲು ಹಾಕಿ, ಕುರ್ಚಿಯನ್ನು ಭಾವನ ಹತ್ತಿರಕ್ಕೆ ಎಳೆದುಕೊಂಡರು.

"ಅದಿರಲಿ, ಮುಂದಿನ ಬೇಟೆ ಯಾವ ಕೆರೆಯಲ್ಲಿ?"