ರಾಯರು ಹೆನ್ರಿಯನ್ನ ಕಂಡ ಶನಿವಾರ

"ಅದ್ಯಾವ ದೇವ್ರ ಜಾತ್ರೆನೋ?" ಅಂದ್ಲು ಅಮ್ಮ.

ರೆನೆಸಾನ್ಸ್ ಫೇರ್ ಅಂದ್ರೇನು ಅಂತ ತಿಪಟೂರಿಂದ ಬಂದಿರೋ ಎಪ್ಪತ್ತೆರಡು ವರ್ಷದ ಅಮ್ಮನಿಗೆ ಹೇಳೋದು ಹೆಂಗೆ ಅಂತ ನಾನೂ ಎರಡು ದಿನದಿಂದ ತಲೆ ಕೆಡಿಸ್ಕೊಂಡಿದ್ದೆ. ಪುನರುಜ್ಜೀವನ ಮೇಳ ಅಂದ್ರೆ ಉಚಿತ ಕಣ್ಣಿನ ಆಪರೇಷನ್ ಕ್ಯಾಂಪ್ ಇದ್ದಂಗೆ ಕೇಳ್ಸುತ್ತೆ. ಕೊನೆಗೆ "ದೇವ್ರಿಲ್ಲಮ್ಮ, ಐನೂರು ವರ್ಷದ ಹಿಂದಿನ ಇಂಗ್ಲೆಂಡ್ ತರ ಒಂದು ಊರು ಮಾಡಿರ್ತಾರೆ, ರಾಜ ರಾಣಿ ವೇಷ ಹಾಕ್ಕೊಂಡು ಓಡಾಡ್ತಿರ್ತಾರೆ, ನೋಡೋಕೆ ಹೋಗೋರೂ ಮನೆಯಿಂದಾನೇ ವೇಷ ಹಾಕ್ಕೊಂಡ್ ಹೋಗ್ತಾರೆ" ಅಂದೆ. ಅಮ್ಮ ಒಂದ್ ನಿಮಿಷ ಸುಮ್ನಿದ್ದು "ಓ, ಹಗಲುವೇಷದೋರು" ಅಂದು ಮತ್ತೆ ಸೊಪ್ಪು ಬಿಡಿಸೋಕೆ ಶುರು ಮಾಡಿದ್ಲು. ಅಷ್ಟೇ, ವಿಷಯ ಮುಗೀತು.

ಹಗಲುವೇಷದೋರು ನಮ್ಮ ಬೀದಿಗೂ ಬರ್ತಿದ್ರು. ಬೆಳಿಗ್ಗೆ ಹತ್ತು ಗಂಟೆ ಬಿಸಿಲಲ್ಲಿ ಭೀಮ, ಹಿಂದೆ ಹಾರ್ಮೋನಿಯಂ ತಗಲ್ಹಾಕ್ಕೊಂಡ ಇನ್ನೊಬ್ಬ. ಆ ಭೀಮ ಗದೆ ಪಕ್ಕಕ್ಕಿಟ್ಟು ನಮ್ಮನೆ ಜಗಲಿ ಮೇಲೆ ಕೂತು, ಬಣ್ಣ ಅಳಿಸದಂಗೆ ಚೊಂಬು ಮೇಲೆತ್ತಿ ನೀರು ಕುಡಿಯೋದು ನೋಡೋಕೇ ನಾವು ಸ್ಕೂಲಿಗೆ ಲೇಟಾಗಿ ಹೋಗ್ತಿದ್ವಿ. ಅಷ್ಟು ದಿನ ಆಟ ಆಡಿ ಕೊನೇ ದಿನ ವೇಷ ಇಲ್ದೆ ಬಂದು ಅಕ್ಕಿ ಕಾಸು ಇಸ್ಕೊಂಡು ಹೋಗೋರು, ಆಗ ಅವ್ರ ಗುರುತೇ ಸಿಗ್ತಿರ್ಲಿಲ್ಲ.

ಅಮೆರಿಕದಲ್ಲಿ ಈ ಹುಚ್ಚು ಶುರುವಾಗಿದ್ದು 1963ರಲ್ಲಿ, ಲಾಸ್ ಏಂಜಲೀಸ್ ಕಡೆ. ಫಿಲಿಸ್ ಪ್ಯಾಟರ್ಸನ್ ಅಂತ ಒಬ್ಬ ಟೀಚರು, ಮಕ್ಕಳಿಗೆ ನಾಟಕ ಕಲಿಸ್ತಿದ್ದೋರು, ಗಂಡ ರಾನ್ ಜೊತೆ ಸೇರಿ ಒಂದು ರೇಡಿಯೋ ಸ್ಟೇಷನ್ನಿಗೆ ದುಡ್ಡು ಕೂಡಿಸೋಕೆ ಅಂತ ಮಾಡಿದ್ದು. ಈಗ ದೇಶದ ತುಂಬಾ ಇದೆ. ನಮಗೆ ಹತ್ತಿರದ್ದು ಮೇರಿಲ್ಯಾಂಡ್ ರೆನೆಸಾನ್ಸ್ ಫೆಸ್ಟಿವಲ್, ಅನಾಪೊಲಿಸ್ ಪಕ್ಕದ ಕ್ರೌನ್ಸ್‌ವಿಲ್‌ನಲ್ಲಿ, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೂ ವೀಕೆಂಡ್‌ಗಳಲ್ಲಿ. ಮರಗಳ ಮಧ್ಯೆ ರೆವೆಲ್ ಗ್ರೋವ್ ಅಂತ ಒಂದು ಸುಳ್ಳೂರು, ಅದಕ್ಕೆ ರಾಜ ಎಂಟನೇ ಹೆನ್ರಿ. ಪ್ರತಿ ವರ್ಷ ಅವನ ಆಳ್ವಿಕೆಯ ಒಂದೊಂದು ವರ್ಷದ ಕಥೆ ಎತ್ಕೋತಾರೆ, ಹಂಗಾಗಿ ರಾಣಿ ಬದಲಾಗ್ತಾ ಇರ್ತಾಳೆ.

ವೇಷದ್ದೇ ದೊಡ್ಡ ರಾಮಾಯಣ ಆಯ್ತು. ಮಗಳಿಗೆ ಹದಿನಾಲ್ಕು, ಅವಳು ಕಿವಿ ಚೂಪು ಮಾಡೋ ಅದೇನೋ ಅಂಟಿಸ್ಕೊಂಡು ಎಲ್ಫ್ ಆದ್ಲು. ನಾನು "ನಂಗೆ ಇವೆಲ್ಲಾ ಆಗ್ಬರಲ್ಲಪ್ಪ" ಅಂತ ಜೀನ್ಸಲ್ಲೇ ಹೊರಟೆ. ಎಂಟು ವರ್ಷದ ಮಗ ಅಳೋಕೆ ಶುರು ಮಾಡ್ದ, ಅವನಿಗೆ ಏನೂ ಇಲ್ಲ ಅಂತ. ಆಗ ನಮ್ಮನೆಯವಳು "ರೀ, ಹೋದ ರಾಜ್ಯೋತ್ಸವದ್ದು ಕೃಷ್ಣದೇವರಾಯನ ಡ್ರೆಸ್ ಇದ್ಯಲ್ರೀ" ಅಂತ ಅಲ್ಮೇರಾ ಮೇಲಿಂದ ಕವರ್ ಇಳಿಸಿದ್ಲು. ಕನ್ನಡ ಸಂಘದ ಫ್ಯಾನ್ಸಿ ಡ್ರೆಸ್‌ಗೆ ಹಳೇ ಸೀರೆ ಕತ್ತರಿಸಿ ಹೊಲಿದಿದ್ದು, ರಟ್ಟು ಸುತ್ತಿ ಜರಿ ಅಂಚು ಅಂಟಿಸಿದ ಎತ್ತರದ ಟೋಪಿ, ಫಾಯಿಲ್ ಪೇಪರ್ ಮೆತ್ತಿದ ರಟ್ಟಿನ ಕತ್ತಿ. ಮೀಸೆ ಐಬ್ರೋ ಪೆನ್ಸಿಲ್‌ದು.

ಪಾರ್ಕಿಂಗ್ ಅಂದ್ರೆ ಹುಲ್ಲಿನ ಬಯಲು. ಒಳಗೆ ಹೋದ್ಮೇಲೆ ಅಮ್ಮನಿಗೆ ಊಟದ ಕಷ್ಟ ಆಗುತ್ತೆ ಅಂತ ಅಲ್ಲೇ ಡಿಕ್ಕಿ ತೆಗೆದು ಪುಳಿಯೋಗರೆ ಮೊಸರನ್ನ ಮುಗಿಸಿದ್ವಿ. ಪಕ್ಕದ ಮಿನಿವ್ಯಾನ್ ಹತ್ರ ಒಬ್ಬ ವೈಕಿಂಗ್ ಮೈಗೆಲ್ಲಾ ತುಪ್ಪಳ ಹೊದ್ಕೊಂಡು ಮಗೂಗೆ ಸನ್‌ಸ್ಕ್ರೀನ್ ಬಳೀತಿದ್ದ. ವೈಕಿಂಗ್‌ಗಳಿಗೂ ಹೆನ್ರಿಗೂ ನಾನೂರೈನೂರು ವರ್ಷ ಅಂತರ, ಆದ್ರೆ ಅಲ್ಲಿ ಯಾರೂ ಕೇಳಲ್ಲ, ಕಡಲ್ಗಳ್ಳರು, ರೆಕ್ಕೆ ಕಟ್ಕೊಂಡ ಯಕ್ಷಿಣಿಯರು, ಎಲ್ಲಾ ಒಂದೇ ಕ್ಯೂನಲ್ಲಿ. ನಿಜವಾದ ಕತ್ತಿ ತಂದೋರಿಗೆ ಗೇಟಲ್ಲಿ ಅದನ್ನ ಒರೆಗೇ ಸೇರಿಸಿ ಕಟ್ತಾರೆ, ಆಚೆ ಎಳೆಯೋಕೆ ಆಗದಂಗೆ. ನಮ್ಮ ರಾಯರ ರಟ್ಟಿನ ಕತ್ತಿನೂ ಗೇಟಿನವನು ತಿರುಗಿಸಿ ಮುರುಗಿಸಿ ನೋಡಿ "ಒಳಗೆ ಯುದ್ಧ ಮಾಡಲ್ಲ ಅಂತ ಮಾತು ಕೊಡಿ ಪ್ರಭು" ಅಂದ. ಮಾತು ಕೊಟ್ಟಿದ್ದಾಯ್ತು.

ಒಳಗೆ ಎಲ್ಲಿ ನೋಡಿದ್ರೂ ಟರ್ಕಿ ಕೋಳಿ ಕಾಲು. ಮೊಣಕೈ ಉದ್ದದ್ದು, ಹೊಗೆಗೆ ಕಂದುಬಣ್ಣ ತಿರುಗಿದ್ದು, ಕಾಗದ ಸುತ್ತಿ ಕೈಗೆ ಕೊಡ್ತಾರೆ, ಜನ ಗದೆ ಹಿಡ್ಕೊಂಡಂಗೆ ಹಿಡ್ಕೊಂಡು ಹರ್ಕೊಂಡು ತಿಂತಿರ್ತಾರೆ. ತಮಾಷೆ ಏನಂದ್ರೆ ಆ ಹಕ್ಕಿ ಅಮೆರಿಕದ್ದು, ಇಂಗ್ಲೆಂಡಿಗೆ ಅದು ಬಂದಿದ್ದೇ ಹೆನ್ರಿ ಕಾಲದಲ್ಲಿ, ಹಳ್ಳಿ ಸಂತೇಲಿ ಕಂಡಕಂಡೋರ ಕೈಗೆ ಸಿಗೋ ಅಷ್ಟು ಎಲ್ಲಿಂದ ಬರ್ಬೇಕು? ಅಮ್ಮ ತಿಂದ ಸುಟ್ಟ ಮುಸುಕಿನ ಜೋಳನೂ ಅಮೆರಿಕದ್ದೇ. ಇದನ್ನೆಲ್ಲಾ ಹೇಳಿ ಜೋರಾಗಿ ನಗ್ತಿದ್ದೆ, ಮಗಳು "ಅಪ್ಪ, ಚಿಲ್ಲಿನೂ ಅಮೆರಿಕದಿಂದ ಬಂದಿದ್ದಲ್ವಾ? ಪುಳಿಯೋಗರೇಲಿ ಇತ್ತಲ್ಲ" ಅಂದ್ಲು. ನಗು ನಿಂತ್ಹೋಯ್ತು. ಹೌದು, ಒಣಮೆಣಸಿನಕಾಯಿ ಪೋರ್ಚುಗೀಸರ ಹಡಗಲ್ಲಿ ಬಂದಿದ್ದು, ಅದಕ್ಕೂ ಮೊದಲು ನಮ್ಮೋರಿಗೆ ಖಾರ ಅಂದ್ರೆ ಕಾಳುಮೆಣಸು. ಅಮ್ಮ ಇದನ್ನ ಇವತ್ತಿಗೂ ನಂಬಿಲ್ಲ. "ಬ್ಯಾಡಗಿ ಮೆಣಸಿನಕಾಯಿ ಇಲ್ದೆ ರಾಯರ ಮನೇಲಿ ಸಾರು ಹೆಂಗ್ ಮಾಡ್ತಿದ್ರು, ಸುಮ್ನಿರು" ಅಂದ್ಲು.

ಅಷ್ಟರಲ್ಲಿ ದಾರೀಲಿ ತುತ್ತೂರಿ. ಹೆನ್ರಿ ಸವಾರಿ ಬಂತು. ಒಳ್ಳೇ ದಪ್ಪ ಆಸಾಮಿ, ಕೆಂಪು ಗಡ್ಡ, ಗರಿ ಸಿಕ್ಕಿಸಿದ ಟೋಪಿ, ಪಕ್ಕದಲ್ಲಿ ರಾಣಿ, ಸುತ್ತ ಹತ್ತು ಜನ. ನಮ್ಮ ಮುಂದೆ ಬಂದೋನು ಗಕ್ಕನೆ ನಿಂತ. ಮಗನ ಟೋಪಿಯಿಂದ ಮೀಸೆವರೆಗೂ ನೋಡಿ "ತಾವು ಯಾವ ದೇಶದ ದೊರೆ?" ಅಂತ ಇಂಗ್ಲಿಷಲ್ಲಿ ಕೇಳ್ದ. ನನ್ ಎದೆ ಹೊಡ್ಕೋತಿತ್ತು, ಇವನು ಸ್ಟೇಜ್ ಮೇಲೆ ಎರಡು ಸಾಲು ಡೈಲಾಗ್ ಮರೆತು ಅತ್ತಿದ್ದೋನು. ಆದ್ರೆ ಅವತ್ತು ಕತ್ತಿ ನೆಲಕ್ಕೂರಿ "ವಿಜಯನಗರ" ಅಂದ. ಹೆನ್ರಿ ಒಂದ್ ಕ್ಷಣನೂ ತಡವರಿಸ್ಲಿಲ್ಲ, "ನಿಮ್ಮ ಪಟ್ಟಣದ ವೈಭವ ನಮ್ಮ ಕಿವಿಗೂ ಬಿದ್ದಿದೆ" ಅಂತ ಬಗ್ಗಿ ನಮಸ್ಕಾರ ಮಾಡ್ದ. ಮಗ ಸುಮ್ನಿರ್ಬೇಕಲ್ಲ, "ನಿಮ್ಮತ್ರ ಎಷ್ಟು ಆನೆ ಇವೆ?" ಅಂದ. "ಒಂದೂ ಇಲ್ಲ." "ನಮ್ಮತ್ರ ತುಂಬಾ ಇವೆ." ಹೆನ್ರಿ ರಾಣಿ ಕಡೆ ತಿರುಗಿ ಎಂಥಾ ಮುಖ ಮಾಡಿದ ಅಂದ್ರೆ, ನಿಜವಾಗ್ಲೂ ಆನೆ ಇಲ್ಲದ ಕೊರಗು ಹಳೇದೇನೋ ಅನ್ನೋ ತರ.

ಆಗ ಹೊಳೀತು ನಂಗೆ. ಫೋನಲ್ಲಿ ನೋಡಿ ಖಾತ್ರಿನೂ ಮಾಡ್ಕೊಂಡೆ. ಹೆನ್ರಿ ಪಟ್ಟಕ್ಕೆ ಬಂದಿದ್ದು 1509, ನಮ್ಮ ರಾಯರು ಪಟ್ಟಕ್ಕೆ ಬಂದಿದ್ದೂ 1509! ಸ್ಕೂಲಲ್ಲಿ ಎರಡೂ ಓದಿದೀನಿ, ಆದ್ರೆ ಒಂದು ಕನ್ನಡ ನಾಡಿನ ಪಾಠ, ಇನ್ನೊಂದು ಯುರೋಪಿನ ಪಾಠ, ಒಂದರ ಪುಟ ಇನ್ನೊಂದಕ್ಕೆ ಯಾವತ್ತೂ ತಾಗಿರ್ಲಿಲ್ಲ. ಅಲ್ಲಿದ್ದ ಸಾವಿರಾರು ಜನ ವೇಷಧಾರಿಗಳಲ್ಲಿ ಇಸವಿ ಸರಿಯಾಗಿ ಕೂತಿದ್ದು ಹಳೇ ಸೀರೆ ಸುತ್ಕೊಂಡಿದ್ದ ನಮ್ಮ ಹುಡುಗನದ್ದು. ಜೀನ್ಸ್ ಹಾಕ್ಕೊಂಡು ಮಧ್ಯದಲ್ಲಿ ನಿಂತಿದ್ದ ನಾನೇ ಪೆದ್ದನ ತರ ಕಾಣ್ತಿದ್ದೆ.

ಅಮ್ಮ "ಇವನಿಗೆ ಎಷ್ಟು ಜನ ಹೆಂಡ್ತೀರು?" ಅಂತ ಕೇಳಿದ್ಲು. ಆರು, ಇಬ್ರ ತಲೆ ತೆಗೆಸ್ದ ಅಂದೆ. ರಾಣಿ ಪಾರ್ಟ್ ಮಾಡ್ತಿದ್ದ ಹುಡುಗಿಯನ್ನ ಪಾಪ ಅನ್ನೋ ಹಂಗೆ ನೋಡಿದ್ಲು. "ನಮ್ಮ ರಾಯರು ತಿರುಪತೀಲಿ ಹೆಂಡ್ತೀರಿಬ್ರನ್ನೂ ಅಕ್ಕಪಕ್ಕ ನಿಲ್ಲಿಸ್ಕೊಂಡು ಕೈ ಮುಗ್ದು ನಿಂತವ್ರೆ, ನಾನೇ ನೋಡಿದೀನಿ." ತಿರುಮಲ ದೇವಸ್ಥಾನದಲ್ಲಿರೋ ಆ ಮೂರು ಲೋಹದ ವಿಗ್ರಹಗಳ ಮಾತು.

ಮಧ್ಯಾಹ್ನ ಜೌಸ್ಟಿಂಗ್ ನೋಡಿದ್ವಿ, ಈಟಿ ಹಿಡ್ಕೊಂಡು ಎದುರುಬದುರು ಕುದುರೆ ಓಡಿಸೋದು. ಮೇರಿಲ್ಯಾಂಡ್‌ಗೆ ಇದು ರಾಜ್ಯದ ಅಧಿಕೃತ ಕ್ರೀಡೆ ಕಣ್ರೀ, 1962ರಿಂದ. ಹೆನ್ರಿನೇ 1536ರಲ್ಲಿ ಇದನ್ನಾಡೋಕೆ ಹೋಗಿ ಕುದುರೆ ಸಮೇತ ಬಿದ್ದಿದ್ದ. ಧೂಳು, ಲಾಯದ ವಾಸನೆ, ಈಟಿ ಗುರಾಣಿಗೆ ಬಡಿದು ಚೂರಾದಾಗ ಜನರ ಕೂಗು. ರಾಯರ ಕಾಲದಲ್ಲಿ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿ ಬಗ್ಗೆ ಬರೆದಿಟ್ಟಿರೋದ್ರಲ್ಲೂ ಕುದುರೆ, ಕುಸ್ತಿ, ಆನೆ ಎಲ್ಲಾ ಬರುತ್ತೆ. ನಾವು ಹಂಪಿ ಉತ್ಸವಕ್ಕೆ ಹೋದ್ರೆ ಕುರ್ಚಿ ಮೇಲೆ ಕೂತು ಸಿನಿಮಾ ಹಾಡು ಕೇಳಿ ಬರ್ತೀವಿ, ಒಬ್ಬನಾದ್ರೂ ಪೇಟ ಸುತ್ಕೊಂಡು, ಕುದುರೆ ಮಾರೋಕೆ ಬಂದ ಅರಬ್ ವ್ಯಾಪಾರಿ ಅಂತ ಹೇಳ್ಕೊಂಡು ವಿರೂಪಾಕ್ಷ ಬಜಾರಲ್ಲಿ ಓಡಾಡಿದ್ರೆ ಎಷ್ಟು ಚೆನ್ನಾಗಿರುತ್ತೆ ಅಂತ ಅಂದ್ಕೊಂಡೆ. ನಾನು ಮಾಡ್ತೀನಾ? ಹೇಳಿದ್ನಲ್ಲ, ನಂಗೆ ಆಗ್ಬರಲ್ಲ.

ಸಂಜೆ ವಾಪಸ್ ಬಂದ್ರೆ ಕಾರು ಎಲ್ಲಿಟ್ಟಿದ್ವಿ ಅಂತ ನಂಗೆ ನೆನಪಿಲ್ಲ. ಅರ್ಧ ಗಂಟೆ ಬಯಲಲ್ಲಿ ಅಲೆದ್ವಿ, ರಾಯರು ನನ್ನ ಹೆಗಲ ಮೇಲೆ ನಿದ್ದೆ, ಅರ್ಧ ಮೀಸೆ ನನ್ನ ಶರ್ಟಿಗೆ. ಕೊನೆಗೆ ಕಾರು ಸಿಕ್ಕಿದ್ದು ಆ ವೈಕಿಂಗ್ ಗುರುತಿನಿಂದ. ಅವನು ಮಿನಿವ್ಯಾನ್ ಒಳಗೆ ಅರ್ಧ ದೇಹ ತೂರಿಸಿ, ಕೊಡಲಿ ಬೆನ್ನಿಗೆ ನೇತಾಡ್ತಿದ್ದಂಗೇ ಕಾರ್ ಸೀಟಿನ ಬಕಲ್ ಹಾಕೋಕೆ ಒದ್ದಾಡ್ತಿದ್ದ.

"ನಮ್ಮ ಕಡೆಯೋರು ಕೊನೇ ದಿನ ಇಸ್ಕೊಳ್ಳೋರು, ಇಲ್ಲಿ ಟಿಕೆಟ್ ಅಂತ ಮೊದ್ಲೇ ಇಸ್ಕೊಂಡ್ಬಿಡ್ತಾರೆ" ಅಂದ್ಲು ಅಮ್ಮ, ಅಂದು ಬ್ಯಾಗಿಂದ ಡಬ್ಬಿ ತೆಗೆದ್ಲು. ಊರಿಂದ ತಂದಿದ್ದ ಕೊಬ್ಬರಿ ಮಿಠಾಯಿ. "ಆದ್ರೂ ಬರಿಗೈಲಿ ಕಳಿಸ್ಬಾರ್ದು, ಕೊಡು ಅವನಿಗೆ." ಅವನೂ ಟಿಕೆಟ್ ತಗೊಂಡು ಬಂದೋನೇ ಕಣಮ್ಮ ಅಂದ್ರೂ ಕೇಳ್ಲಿಲ್ಲ. ಹೋಗಿ ಡಬ್ಬಿ ಹಿಡಿದೆ. ವೈಕಿಂಗ್ ಬೆವರು ಒರೆಸ್ಕೊಂಡು, ಕೊಂಬಿನ ಟೋಪಿ ಸರಿ ಮಾಡ್ಕೊಂಡು, ಡಬ್ಬಿ ಒಳಗೆ ಬಗ್ಗಿ ನೋಡಿ, ಭಾಳ ನಯವಾಗಿ ಕೇಳ್ದ, "ಇದ್ರಲ್ಲಿ ನಟ್ಸ್ ಇಲ್ಲ ತಾನೇ?"