ಕಾರಿಗೆ ಬಿದ್ದ ಏಟು

ಕೆಟ್ಟು ನಿಂತ ಕಾರಿಗೆ ಮೂರು ಎಣಿಸುವವರೆಗೆ ಗಡುವು ಕೊಟ್ಟವರನ್ನು ನೀವು ಕಂಡಿದ್ದೀರಾ? ನಾನು ಟೀವಿಯಲ್ಲಿ ಕಂಡಿದ್ದೇನೆ. ಬೇಸಿಲ್ ಫಾಲ್ಟಿ ಅಂತ ಹೆಸರು. ಇಂಗ್ಲೆಂಡಿನ ಟಾರ್ಕಿ ಎಂಬ ಕಡಲತೀರದ ಊರಲ್ಲಿ ಹೋಟೆಲ್ ಇಟ್ಟುಕೊಂಡವನು. ಒಂದು, ಎರಡು, ಮೂರು ಆಯಿತು. ಕಾರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೆಳಗಿಳಿದು ಬಾಯಿಗೆ ಬಂದಂತೆ ಬೈದ. ಬೈದವನು ಎಲ್ಲಿಗೋ ಓಡಿದ. ಪರದೆಯ ಮೇಲೆ ಕಾರೊಂದೇ ನಿಂತಿದೆ. ಆಮೇಲೆ ಎಲೆ ಸಮೇತ ಮರದ ಕೊಂಬೆ ಹಿಡಿದು ಬಂದ ನೋಡಿ! ಕಾರಿಗೆ ಬಾರಿಸಿದ್ದೇ ಬಾರಿಸಿದ್ದು.

ಈ ಬೇಸಿಲ್‌ನ ಹಾಸ್ಯ ಧಾರಾವಾಹಿ 'ಫಾಲ್ಟಿ ಟವರ್ಸ್' ನಮ್ಮ ಮನೆಗೆ ಬಂದಿದ್ದು ಚಿಕ್ಕಪ್ಪನ ಗೆಳೆಯರೊಬ್ಬರು ಲಂಡನ್ನಿನಿಂದ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ. ಅರ್ಧ ಇಂಗ್ಲಿಷು ನಮಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಬೇಸಿಲ್ ಪಾತ್ರ ಮಾಡಿದ, ಆರಡಿ ದಾಟಿದ ಜಾನ್ ಕ್ಲೀಸ್ ಮೈಯೆಲ್ಲ ಮೊಣಕಾಲು ಅನ್ನುವ ಹಾಗೆ ಓಡಾಡುತ್ತಿದ್ದರೆ ಸಾಕು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದವರು ಚಿಕ್ಕಪ್ಪ. "ಎಂಥ ಪೆದ್ದ ನೋಡೋ! ನಿಜ ಹೇಳಿಬಿಟ್ಟಿದ್ರೆ ಎರಡು ನಿಮಿಷದಲ್ಲಿ ಮುಗೀತಿತ್ತು!" ಅಂತ ತೊಡೆ ತಟ್ಟಿಕೊಳ್ಳುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ.

ಇರುವುದು ಹನ್ನೆರಡೇ ಕಂತು. ಬಿಬಿಸಿಯಲ್ಲಿ 1975ರಲ್ಲಿ ಆರು, 1979ರಲ್ಲಿ ಆರು. ನಮ್ಮ ಧಾರಾವಾಹಿಗಳಲ್ಲಿ ಅಷ್ಟು ಹೊತ್ತಿಗೆ ಸೊಸೆ ಮೆಟ್ಟಿಲು ಇಳಿದು ಮುಗಿಸಿರುವುದಿಲ್ಲ. ಬರೆದವರು ಕ್ಲೀಸ್ ಮತ್ತು ಅವರ ಹೆಂಡತಿ ಕಾನಿ ಬೂತ್. ಹೋಟೆಲಿನ ಕೆಲಸದ ಹುಡುಗಿ ಪಾಲಿ ಆಗಿ ನಟಿಸಿದ್ದೂ ಅವರೇ. ಎರಡನೇ ಸರಣಿ ಬರುವಷ್ಟರಲ್ಲಿ ಇಬ್ಬರ ಮದುವೆ ಮುರಿದಿತ್ತು. ಜೊತೆಗೆ ಕೂತು ಬರೆಯುವುದು ಮಾತ್ರ ನಿಲ್ಲಲಿಲ್ಲ. ಬೇಸಿಲ್ ಮತ್ತು ಅವನ ಹೆಂಡತಿ ಸಿಬಿಲ್ ಅಷ್ಟು ಚೆನ್ನಾಗಿ ಜಗಳ ಆಡುವುದು ಇದಕ್ಕೇ ಇರಬೇಕು ಅಂತ ಚಿಕ್ಕಮ್ಮನ ಅನುಮಾನ.

ಬೇಸಿಲ್ ಸುಮ್ನೆ ಹುಟ್ಟಿದವನಲ್ಲ. 1970ರಲ್ಲಿ ಕ್ಲೀಸ್ ಇದ್ದ ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡದವರು ಚಿತ್ರೀಕರಣಕ್ಕೆ ಹೋಗಿ ಟಾರ್ಕಿಯ ಒಂದು ಹೋಟೆಲಿನಲ್ಲಿ ಇಳಿದಿದ್ದರು. ತಂಡದಲ್ಲಿದ್ದ ಅಮೆರಿಕನ್ ಟೆರಿ ಗಿಲಿಯಮ್ ಫೋರ್ಕು ಹಿಡಿದ ರೀತಿಗೆ ಮಾಲೀಕ ತಕರಾರು ತೆಗೆದನಂತೆ. ಎರಿಕ್ ಐಡಲ್ ಅವರ ಚೀಲದಲ್ಲಿ ಬಾಂಬ್ ಇದ್ದರೆ ಅಂತ ಅದನ್ನು ಒಯ್ದು ಹೊರಗೆ ಗೋಡೆಯ ಆಚೆ ಇಟ್ಟನಂತೆ. ಉಳಿದವರು ಬೇರೆ ಹೋಟೆಲಿಗೆ ಹೊರಟರು. ಕ್ಲೀಸ್ ಮಾತ್ರ ಅಲ್ಲೇ ಉಳಿದರು. ಅಂಥ ಮನುಷ್ಯನನ್ನು ಬಿಟ್ಟು ಹೋಗೋಕಾಗುತ್ತಾ?

ಕಾರಿಗೆ ಏಟು ಬೀಳುವ ಕಂತಿಗೇ ಮತ್ತೆ ಬರುತ್ತೇನೆ. ಅಂದು ಹೋಟೆಲಿನಲ್ಲಿ ದೊಡ್ಡವರ ಔತಣ. ಅಡುಗೆಯವನು ಕುಡಿದು ಬಿದ್ದಿದ್ದಾನೆ. ಹೇಳಿಬಿಡಬಹುದಿತ್ತು. ಬೇಸಿಲ್ ಹೇಳಲ್ಲ. ಪರಿಚಯದ ರೆಸ್ಟೋರೆಂಟಿನಿಂದ ಬಾತುಕೋಳಿ ತರಿಸುವ ಏರ್ಪಾಡು ಮಾಡುತ್ತಾನೆ. ಮೆನುವಿನಲ್ಲಿ ಮೂರೇ ಐಟಂ: ಕಿತ್ತಳೆ ಹಾಕಿದ ಬಾತು, ಚೆರಿ ಹಾಕಿದ ಬಾತು, 'ಬಾತು ಸರ್‌ಪ್ರೈಸ್'. ಸರ್‌ಪ್ರೈಸ್ ಅಂದರೆ ಕಿತ್ತಳೆಯೂ ಇಲ್ಲ, ಚೆರಿಯೂ ಇಲ್ಲ. ಮೊದಲು ತಂದ ಬಾತು ಅಡುಗೆಮನೆಯಲ್ಲಿ ನೆಲಕ್ಕೆ ಬಿದ್ದು ತುಳಿತಕ್ಕೆ ಸಿಕ್ಕಿತು. ಎರಡನೆಯದಕ್ಕೆ ಹೋದಾಗಲೇ ಕಾರು ಕೈಕೊಟ್ಟಿದ್ದು. ಹೇಗೋ ತಂದು, ಅತಿಥಿಗಳ ಮುಂದೆ ಮುಚ್ಚಳ ತೆಗೆದರೆ ಒಳಗಿರುವುದು ಕ್ರೀಮು ಹಾಕಿದ ಸಿಹಿತಿಂಡಿ! ಮುಚ್ಚಳ ಮುಚ್ಚಿ ಮತ್ತೆ ತೆಗೆದು ನೋಡುತ್ತಾನೆ. ಆಮೇಲೆ ಎರಡೂ ಕೈ ಅದರೊಳಗೆ ಹಾಕಿ ಬಾತುಕೋಳಿ ಹುಡುಕುತ್ತಾನೆ. ಚಿಕ್ಕಪ್ಪ ಇಲ್ಲಿ ಕ್ಯಾಸೆಟ್ ಹಿಂದಕ್ಕೆ ಓಡಿಸಿ ಮತ್ತೆ ಹಾಕುತ್ತಿದ್ದರು. ಪುಣ್ಯಕ್ಕೆ ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಳ್ಳಲಿಲ್ಲ.

ಈಗ ನಮ್ಮ ಮನೆಯ ಕಂತು. ಹೊಸ ಬೀಗರು ಊಟಕ್ಕೆ ಬರುವ ದಿನ ಹುಳಿ ತಳ ಹಿಡಿಯಿತು. "ಇರಲಿ ಬಿಡಿ, ತಿಳಿಸಾರು ಇದೆ. ಹುಳಿ ಸೀದುಹೋಯ್ತು ಅಂತ ಹೇಳಿದರಾಯ್ತು" ಅಂದರು ಚಿಕ್ಕಮ್ಮ. ಚಿಕ್ಕಪ್ಪ ಒಪ್ಪಲಿಲ್ಲ. ಕ್ಯಾರಿಯರ್ ಹಿಡಿದು, ನನ್ನನ್ನು ಹಿಂದೆ ಕೂರಿಸಿಕೊಂಡು, ಸ್ಕೂಟರಿನಲ್ಲಿ ಹೋಟೆಲಿಗೆ ಹೊರಟರು. ಹುಳಿ ಸಿಕ್ಕಿತು. ಕ್ಯಾರಿಯರನ್ನು ಮುಂದಿನ ಕೊಕ್ಕೆಗೆ ನೇತುಹಾಕಿದ್ದೂ ಆಯಿತು. ಅರ್ಧ ದಾರಿಯಲ್ಲಿ ಸ್ಕೂಟರ್ ನಿಂತಿತು.

ಕಿಕ್ ಹೊಡೆದರು. ಚೋಕ್ ಎಳೆದರು. "ಬೀಗರ ಮುಂದೆ ಮಾನ ಕಳೀಬೇಡ ಕಣೋ" ಅಂತ ಸೀಟಿಗೆ ಒಂದು ಬಿಟ್ಟರು. ಕೊನೆಗೆ ಹಳೇ ಸ್ಕೂಟರಿನವರೆಲ್ಲ ಮಾಡುವ ಮದ್ದು: ಗಾಡಿಯನ್ನು ಪಕ್ಕಕ್ಕೆ ವಾಲಿಸಿದರು. ಸ್ಕೂಟರ್ ಶುರುವಾಯಿತು. ಕೊಕ್ಕೆಯಲ್ಲಿದ್ದ ಹುಳಿಯೂ ವಾಲಿ, ಅರ್ಧಕ್ಕರ್ಧ ಚಿಕ್ಕಪ್ಪನ ಬಿಳಿ ಪ್ಯಾಂಟಿನ ಮೇಲೆ ಇಳಿಯಿತು.

ಮನೆಗೆ ಬಂದರೆ ಬೀಗರು ಆಗಲೇ ಬಂದು ಕೂತಿದ್ದಾರೆ. "ಗಾಡಿಯ ಆಯಿಲ್ ಸೋರಿತು" ಅಂದರು ಚಿಕ್ಕಪ್ಪ. ಆಯಿಲ್ ಇಂಗು, ಕರಿಬೇವಿನ ಘಮ ಹೊಡೆಯುತ್ತಿತ್ತು. ಉಳಿದ ಹುಳಿಗೆ ಬಿಸಿನೀರು ಸೇರಿ ಎಲೆಗೆ ಬಂತು. ಬೀಗಿತ್ತಿ ಒಂದು ತುತ್ತು ಉಂಡು ನಿಲ್ಲಿಸಿದರು. ಇನ್ನೊಂದು ತುತ್ತು ಉಂಡರು.

"ಒಂದು ಮಾತು ಹೇಳ್ಲಾ? ಇದು ಥೇಟ್ ಸರ್ಕಲ್ ಹತ್ರದ ಹೋಟೆಲಿನ ಹುಳಿ ಇದ್ದ ಹಾಗೇ ಇದೆ."

ಚಿಕ್ಕಮ್ಮ ನೆಲ ನೋಡಿದರು. ಚಿಕ್ಕಪ್ಪ ಒಂದು ಕ್ಷಣವೂ ತಡಮಾಡಲಿಲ್ಲ.

"ಅಯ್ಯೋ, ಅವರಿಗೆ ಹೇಳಿಕೊಟ್ಟವಳೇ ನಮ್ಮನೆಯವಳು!"

"ಹೌದಾ?" ಬೀಗಿತ್ತಿ ಚಿಕ್ಕಮ್ಮನ ಕಡೆ ತಿರುಗಿದರು. "ಹಾಗಿದ್ರೆ ಬರೋ ಭಾನುವಾರ ನಮ್ಮನೆಗೆ ಬಂದುಬಿಡಿ. ನಲವತ್ತು ಜನ ಇರ್ತಾರೆ. ಹುಳಿ ನಿಮ್ಮದೇ."