ಪ್ರಾಗ್‌ನಲ್ಲಿ ರಾಹುಕಾಲ

ಪ್ರಾಗ್ ನಗರದಲ್ಲಿ ಶುಕ್ರವಾರದ ರಾಹುಕಾಲ ಎಷ್ಟು ಹೊತ್ತಿಗೆ? ತಿಂಡಿ ಮುಗಿಸಿ, ಬೂಟಿನ ದಾರ ಬಿಗಿದು, ನೀರಿನ ಬಾಟಲಿ ತುಂಬಿಸಿಕೊಂಡು ಹೋಟೆಲಿನ ಲಾಬಿಯಲ್ಲಿ ನಿಂತವನ ಮುಂದೆ ಇಂಥ ಪ್ರಶ್ನೆ ಬರಬಾರದು. ಬಂತು. ತಂದವರು ಮೇಷ್ಟ್ರ ಹೆಂಡತಿ, ನಮ್ಮ ಅತ್ತಿಗೆ. "ಹತ್ತೂವರೆಗೆ ರಾಹುಕಾಲ ಶುರು. ಹನ್ನೆರಡಾದ ಮೇಲೆ ಹೊರಡೋಣ" ಎಂದವರೇ ಸೋಫಾದಲ್ಲಿ ಕುಳಿತುಬಿಟ್ಟರು. ಕುಳಿತ ರೀತಿ ನೋಡಿದರೆ ಈ ಊರನ್ನು ಬೆಳೆಸಿದ ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿಯೇ ಬಂದು ಕೈಮುಗಿದರೂ ಏಳುವಂತಿರಲಿಲ್ಲ. ಗಡಿಯಾರದಲ್ಲಿ ಆಗ ಹತ್ತೂಕಾಲು.

ಗೆಳೆಯರ ಜೊತೆ ಊರು ನೋಡಲು ಹೋಗುವುದರ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಅದನ್ನು ಹೇಳುವ ಉದ್ದೇಶದಿಂದಲೇ ಇದನ್ನು ಬರೆಯಲು ಕುಳಿತಿದ್ದೇನೆ. ಆದರೆ ಮೊದಲು ರಾಹುಕಾಲದ ವ್ಯಾಜ್ಯ ತೀರಬೇಕು.

ವ್ಯಾಜ್ಯಕ್ಕೆ ಎಣ್ಣೆ ಸುರಿದವನು ಮ್ಯೂನಿಕ್‌ನಿಂದ ಬಂದಿದ್ದ ನಮ್ಮ ಎಂಜಿನಿಯರ್ ಗೆಳೆಯ. ಇಡೀ ದಿನದ ಕಾರ್ಯಕ್ರಮವನ್ನು ಅವನು ನಿಮಿಷಗಳ ಲೆಕ್ಕದಲ್ಲಿ ಪಟ್ಟಿಮಾಡಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದ. ಕೋಟೆಗೆ ಇಷ್ಟು, ಸೇತುವೆಗೆ ಇಷ್ಟು, 'ಸುಮ್ಮನೆ ಅಡ್ಡಾಡಲು' ಇಪ್ಪತ್ತು. ಸುಮ್ಮನೆ ಅಡ್ಡಾಡುವುದಕ್ಕೂ ಗಡುವು ಇಡುವವನ ಬಗ್ಗೆ ನನಗೆ ಕರುಣೆ ಹುಟ್ಟಬೇಕಿತ್ತು, ಹುಟ್ಟಿದ್ದು ಸಿಟ್ಟು. "ಅತ್ತಿಗೆ, ನೀವು ಹೇಳುತ್ತಿರುವುದು ಮೈಸೂರಿನ ಹತ್ತೂವರೆ. ಅಲ್ಲಿ ಹತ್ತೂವರೆ ಆದಾಗ ಇಲ್ಲಿ ಬೆಳಗಿನ ಏಳು. ನಾವು ಗೊರಕೆ ಹೊಡೆಯುವಾಗಲೇ ರಾಹುಕಾಲ ಬಂದು ಹೋಯಿತು, ಏಳಿ" ಎಂದ. ಅತ್ತಿಗೆ ಒಂದು ಕ್ಷಣ ಅಲುಗಾಡಿದರು ಅಂತಲೇ ನನಗೆ ಅನಿಸಿತು. ಅಷ್ಟರಲ್ಲಿ ಮೇಷ್ಟ್ರು ಬಾಯಿ ಹಾಕಿದರು.

ಮೇಷ್ಟ್ರು ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ರಾಹುಕಾಲದಲ್ಲಿ ಅವರಿಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಆದರೆ ತಪ್ಪು ಲೆಕ್ಕವನ್ನು ಸಹಿಸುವ ಶಕ್ತಿಯೂ ಇಲ್ಲ. "ರಾಹುಕಾಲ ಗಡಿಯಾರದ್ದಲ್ಲಪ್ಪ, ಸೂರ್ಯನದು" ಎಂದು ಶುರುಮಾಡಿದರು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡಬೇಕು. ಶುಕ್ರವಾರಕ್ಕೆ ನಾಲ್ಕನೆಯ ಭಾಗ. ನಮ್ಮ ಊರಿನ ಕ್ಯಾಲೆಂಡರಿನವರು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನನ್ನು ಹಿಡಿದು ಒಂದೂವರೆ ಗಂಟೆಯ ತುಂಡು ಮಾಡಿದ್ದಾರೆ, ಅದಕ್ಕೇ ಹತ್ತೂವರೆಯಿಂದ ಹನ್ನೆರಡು. ಇಲ್ಲಿ ಜೂನ್ ತಿಂಗಳು. ಸೂರ್ಯ ಐದಕ್ಕೆ ಮುಂಚೆಯೇ ಎದ್ದು ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗುತ್ತಾನೆ. ಹದಿನಾರು ಗಂಟೆಗೂ ಮೀರಿದ ಹಗಲು. ಒಂದೊಂದು ಭಾಗವೂ ಎರಡು ಗಂಟೆ. ಆದ್ದರಿಂದ ಪ್ರಾಗ್‌ನ ಶುಕ್ರವಾರದ ರಾಹುಕಾಲ ಹನ್ನೊಂದರಿಂದ ಒಂದು. ಇಷ್ಟನ್ನೂ ಅವರು ಹೋಟೆಲಿನ ಕರವಸ್ತ್ರದ ಕಾಗದದ ಮೇಲೆ ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದರು.

ಅತ್ತಿಗೆ ಆ ಕಾಗದವನ್ನು ತೆಗೆದುಕೊಂಡು ನೋಡಿ, "ಹಾಗಾದರೆ ಹತ್ತೂವರೆಯಿಂದ ಒಂದು ಗಂಟೆವರೆಗೆ ಹೊರಡುವಂತಿಲ್ಲ" ಎಂದರು. ಎರಡೂ ಇರಲಿ, ಯಾವುದಕ್ಕೂ ಕ್ಷೇಮ ಎಂಬ ತೀರ್ಪು. ಎಂಜಿನಿಯರ್ ಗೆಳೆಯನ ಮುಖದಲ್ಲಿ ಪಟ್ಟಿಯ ಮೊದಲ ನಾಲ್ಕು ಸಾಲುಗಳು ಅಳಿಸಿಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಆ ಒಂದು ನೋಟಕ್ಕಾಗಿ ನಾನು ಅತ್ತಿಗೆಯನ್ನು ಅರ್ಧ ಕ್ಷಮಿಸಿದೆ.

ಕೊನೆಗೆ ದಾರಿ ತೋರಿಸಿದವರೂ ಅವರೇ. ಪ್ರಸ್ಥಾನ ಇಡುವುದು. ದೂರದ ಪ್ರಯಾಣಕ್ಕೆ ಕಾಲ ಕೂಡಿಬರದಿದ್ದರೆ ಒಳ್ಳೆಯ ಹೊತ್ತಿನಲ್ಲಿ ಒಂದು ಗಂಟನ್ನು ಹೊಸ್ತಿಲಾಚೆಗೆ, ಪಕ್ಕದ ಮನೆಗೋ ದೇವಸ್ಥಾನಕ್ಕೋ ಸಾಗಿಸಿಬಿಟ್ಟರೆ ಸಾಕು, ನಾವೇ ಹೊರಟ ಹಾಗೆ. ಪ್ರಾಗ್‌ನಲ್ಲಿ ಪಕ್ಕದ ಮನೆಯವರು ಯಾರೂ ಪರಿಚಯವಿರಲಿಲ್ಲವಾದ್ದರಿಂದ ಅತ್ತಿಗೆ ತಮ್ಮ ಮಡಚುವ ಕೊಡೆಯನ್ನು ರಿಸೆಪ್ಷನ್ನಿನ ಹುಡುಗಿಯ ಕೈಗೆ ಕೊಟ್ಟರು. ಅವಳು ಏನೂ ಕೇಳದೆ ಕೊಡೆಯ ಹಿಡಿಕೆಗೆ ಒಂದು ಹಳದಿ ಚೀಟಿ ಕಟ್ಟಿ, ಅದರ ಇನ್ನೊಂದು ತುಂಡನ್ನು ಹರಿದು ಕೊಟ್ಟಳು. ಹತ್ತೂವರೆಗೆ ಐದು ನಿಮಿಷ ಇರುವಾಗ ನಮ್ಮ ಪ್ರಯಾಣ ಶಾಸ್ತ್ರೋಕ್ತವಾಗಿ ಆರಂಭವಾಯಿತು. ನಾವು ಹೊರಟಿದ್ದು ಹನ್ನೊಂದು ದಾಟಿದ ಮೇಲೆ, ಏಕೆಂದರೆ ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಶೂ ಬದಲಾಯಿಸಬೇಕೆನಿಸಿತು.

ಹಳೆಯ ಪಟ್ಟಣದ ಚೌಕ ತಲುಪಿದಾಗ ಖಗೋಳ ಗಡಿಯಾರದ ಕೆಳಗೆ ಜಾತ್ರೆ. ಬೆಳಗಿನ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ಮೇಲಿನ ಎರಡು ಕಿಟಕಿಗಳು ತೆರೆದು ಯೇಸುವಿನ ದೂತರಾದ ಹನ್ನೆರಡು ಅಪೊಸ್ತಲರ ಬೊಂಬೆಗಳು ಮೆರವಣಿಗೆ ಹೊರಡುತ್ತವೆ. ಪಕ್ಕದ ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ, ಕೊನೆಗೆ ಹುಂಜ ಕೂಗುತ್ತದೆ. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ. ಅದಕ್ಕಾಗಿ ಅರ್ಧ ಗಂಟೆ ಮೊದಲೇ ಜಾಗ ಹಿಡಿದು ಕತ್ತು ಎತ್ತಿ ನಿಂತವರ ಕೈಯಲ್ಲೆಲ್ಲ ಕೊಳವೆಯಂಥ, ಸಕ್ಕರೆ ಉದುರಿಸಿದ ತ್ರ್ದೆಲ್ನೀಕ್. ಅಂಗಡಿಗಳ ಹಲಗೆಯ ಮೇಲೆ 'ಹಳೆಯ ಬೊಹೆಮಿಯಾದ ಸಾಂಪ್ರದಾಯಿಕ ತಿನಿಸು' ಎಂದಿದೆ. ಅದು ಈ ಊರಿನ ಬೀದಿಗಳನ್ನು ಆವರಿಸಿದ್ದು ಈಚಿನ ದಶಕಗಳಲ್ಲಿ, ಪ್ರವಾಸಿಗಳ ಜೊತೆಗೇ. ಸಕ್ಕರೆ ಉದುರುವ ಜಾಗದಲ್ಲಿ, ಪುರಭವನದ ಗೋಡೆಯ ಬುಡದ ನೆಲದ ಕಲ್ಲುಗಳಲ್ಲಿ ಬಿಳಿಯ ಶಿಲುಬೆಗಳನ್ನು ಕೂರಿಸಿದ್ದಾರೆ. ಒಟ್ಟು 27. 1621ರಲ್ಲಿ ಚಕ್ರವರ್ತಿಯ ವಿರುದ್ಧ ದಂಗೆಯೆದ್ದ ತಪ್ಪಿಗೆ ಅಲ್ಲೇ ಕೊಂದವರ ಲೆಕ್ಕ. ಒಂದು ಶಿಲುಬೆಯ ಮೇಲೆ ಯಾರದೋ ಐಸ್‌ಕ್ರೀಮ್ ಕರಗುತ್ತಿತ್ತು.

ಗಡಿಯಾರದ ಕಥೆಯನ್ನು ಮೇಷ್ಟ್ರು ಹೇಳಿದರು. ಹನುಶ್ ಎಂಬ ಕುಶಲಿ ಇದನ್ನು ಮಾಡಿದನಂತೆ. ಬೇರೆ ಊರಿಗೂ ಇಂಥದ್ದನ್ನು ಮಾಡಿಕೊಟ್ಟಾನು ಎಂಬ ಹೆದರಿಕೆಗೆ ನಗರಸಭೆಯವರು ಅವನ ಕಣ್ಣು ಕೀಳಿಸಿದರಂತೆ. ಅವನು ತಡವರಿಸುತ್ತ ಬಂದು ಯಂತ್ರದೊಳಗೆ ಕೈಹಾಕಿ ಅದನ್ನು ಕೆಡಿಸಿಬಿಟ್ಟನಂತೆ. ಎಂಜಿನಿಯರ್ ತಕ್ಷಣ ತಿದ್ದಿದ: ಗಡಿಯಾರ 1410ರದ್ದು, ಮಾಡಿದವನು ಕಾದಾನ್ ಊರಿನ ಮಿಕುಲಾಶ್, ಗಣಿತದಲ್ಲಿ ನೆರವಾದವನು ಇಲ್ಲಿನ ವಿಶ್ವವಿದ್ಯಾಲಯದ ಯಾನ್ ಶಿಂಡೆಲ್, ಕಣ್ಣು ಕಿತ್ತದ್ದೆಲ್ಲ ಕಟ್ಟುಕಥೆ. ಮೇಷ್ಟ್ರ ಮುಖ ಸಪ್ಪೆಯಾಯಿತು. ನನಗೆ ನಮ್ಮ ಜಕಣಾಚಾರಿಯ ನೆನಪಾಯಿತು. ಒಳ್ಳೆಯ ಕೆಲಸ ಮಾಡಿದವನು ಕೂಲಿ ಎಣಿಸಿಕೊಂಡು ಮನೆಗೆ ಹೋಗಿ ಉಂಡು ಮಲಗಿದ ಎಂದರೆ ಜನ ಯಾವ ದೇಶದಲ್ಲೂ ಒಪ್ಪುವುದಿಲ್ಲ. ಕೈಯೋ ಕಣ್ಣೋ ಹೋಗಲೇಬೇಕು.

ಸಪ್ಪೆಯಾದ ಮೇಷ್ಟ್ರು ಮುಖಫಲಕವನ್ನು ದಿಟ್ಟಿಸತೊಡಗಿದರು. ಆಗ ಶುರುವಾಯಿತು ನೋಡಿ. ಆ ಫಲಕದಲ್ಲಿ ಕಾಲವನ್ನು ಒಂದು ರೀತಿಯಲ್ಲಿ ಅಳೆದು ಸುಮ್ಮನಾಗಿಲ್ಲ. ರೋಮನ್ ಅಂಕಿಗಳಲ್ಲಿ ನಮ್ಮ ನಿಮ್ಮ ಗಂಟೆ. ಹೊರಗಿನ ಬಳೆಯಲ್ಲಿ ಹಳೆಯ ಚೆಕ್ ಗಂಟೆ, ಒಂದರಿಂದ ಇಪ್ಪತ್ತನಾಲ್ಕು. ಅದರ ದಿನ ಸೂರ್ಯ ಮುಳುಗಿದಾಗ ಮುಗಿಯುತ್ತದೆ, ಆದ್ದರಿಂದ ಆ ಬಳೆಯನ್ನು ವರ್ಷವಿಡೀ ಸೂರ್ಯಾಸ್ತಕ್ಕೆ ತಕ್ಕಂತೆ ಅತ್ತಿತ್ತ ತಿರುಗಿಸುತ್ತಲೇ ಇರಬೇಕು. ಒಳಗೆ ನೀಲಿಯ ಮೇಲೆ ಬಾಗಿದ ಚಿನ್ನದ ಗೆರೆಗಳು: ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲಿನ ಹನ್ನೆರಡು ಸಮಪಾಲು. ಬೇಸಿಗೆಯಲ್ಲಿ ಒಂದೊಂದು ಪಾಲೂ ಉದ್ದ, ಚಳಿಗಾಲದಲ್ಲಿ ಮೊಟಕು. "ಅಯ್ಯೋ, ಇದು ನಮ್ಮದೇ ಲೆಕ್ಕ!" ಎಂದು ಮೇಷ್ಟ್ರು ಕೂಗಿದ ಕೂಗಿಗೆ ಮುಂದಿದ್ದ ಇಬ್ಬರು ತಿರುಗಿ ನೋಡಿದರು. ಎಂಟು ಪಾಲು ಮಾಡುವ ಬದಲು ಹನ್ನೆರಡು ಮಾಡಿದ್ದಾರೆ, ಅಷ್ಟೇ. ನಾಲ್ಕನೆಯ ಅಷ್ಟಮಾಂಶ ಎಂದರೆ ನಾಲ್ಕೂವರೆಯಿಂದ ಆರನೆಯ ಗೆರೆಯವರೆಗೆ. ಚಿನ್ನದ ಸೂರ್ಯ ಆ ಎರಡರ ನಡುವೆ ಇರುವಷ್ಟು ಹೊತ್ತೂ ಶುಕ್ರವಾರದ ರಾಹುಕಾಲ. ಆರನೆಯ ಗೆರೆ ಎಂದರೆ ನೆತ್ತಿಯ ಮೇಲಿನ ಸೂರ್ಯ. ಬೇಸಿಗೆಯ ಗಡಿಯಾರದಲ್ಲಿ ಇಲ್ಲಿ ಅದು ಒಂದು ಗಂಟೆಯ ಸುಮಾರಿಗೆ. ಕರವಸ್ತ್ರದ ಕಾಗದದ ಲೆಕ್ಕ ತಾಳೆಯಾಯಿತು! ಸೋಮವಾರಕ್ಕೆ ಒಂದೂವರೆಯಿಂದ ಮೂರನೆಯ ಗೆರೆ, ಶನಿವಾರಕ್ಕೆ ಮೂರನೆಯ ಗೆರೆಯಿಂದ ನಾಲ್ಕೂವರೆ ಎಂದು ಅವರು ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ವಾರದ ಏಳೂ ದಿನಕ್ಕೆ ರಾಹುಕಾಲವನ್ನು ಆ ಗಡಿಯಾರದಿಂದಲೇ ತೆಗೆದುಕೊಟ್ಟರು. ಗುಳಿಕಕಾಲಕ್ಕೆ ಕೈಹಾಕುವ ಹೊತ್ತಿಗೆ ಹನ್ನೆರಡು ಬಡಿಯಿತು. ಕಿಟಕಿ ತೆರೆದವು, ನೂರಾರು ಮೊಬೈಲುಗಳು ಮೇಲೆದ್ದವು, ಹುಂಜ ಕೂಗಿತು, ಮುಗಿಯಿತು. ಮೇಷ್ಟ್ರು ಒಬ್ಬ ಅಪೊಸ್ತಲನನ್ನೂ ನೋಡಲಿಲ್ಲ. "ಮುಂದಿನ ಗಂಟೆಗೆ ನೋಡಿದರಾಯಿತು" ಎಂದರು. ಎಂಜಿನಿಯರ್ ಏನನ್ನೋ ಜರ್ಮನ್‌ನಲ್ಲಿ ಹೇಳಿಕೊಂಡ.

ಅತ್ತಿಗೆಯ ಕಣ್ಣು ಮಾತ್ರ ಅಸ್ಥಿಪಂಜರದ ಮೇಲಿತ್ತು. "ಈಗ ನಿಜವಾದ ರಾಹುಕಾಲದ ನಟ್ಟನಡುವೆ ನಿಂತಿದ್ದೇವೆ, ಎದುರಿಗೆ ಯಮ ಗಂಟೆ ಹೊಡೆಯುತ್ತಿದ್ದಾನೆ. ಸದ್ಯ, ಕೊಡೆ ಮುಂಚೆಯೇ ಹೊರಟಿದೆ" ಎಂದರು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಂಸ ತಿನ್ನದವರಿಗೆ ಈ ಊರು ಕೊಡುವುದು ಕರಿದ ಚೀಸ್, ಜೊತೆಗೆ ಆಲೂಗಡ್ಡೆ. ಕೇಳದೆ ತಂದಿಟ್ಟ ಬ್ರೆಡ್ಡಿನ ಬುಟ್ಟಿಗೂ ಬಿಲ್ಲಿನಲ್ಲಿ ದುಡ್ಡು ಹಾಕಿದ್ದರು. ಅದನ್ನೂ, ಶೌಚಾಲಯದ ಬಾಗಿಲಲ್ಲಿ ಕೊಟ್ಟ ನಾಣ್ಯಗಳನ್ನೂ ಎಂಜಿನಿಯರ್ ತಲೆಗಿಷ್ಟು ಎಂದು ಹಂಚಿ ಮೊಬೈಲಿನಲ್ಲಿ ದಾಖಲಿಸಿದ. ನಲವತ್ತು ವರ್ಷದ ಗೆಳೆತನದಲ್ಲಿ ಅವನು ನನಗೆ ಕುಡಿಸಿದ ಕಾಫಿಗೂ ಎಲ್ಲಾದರೂ ಲೆಕ್ಕವಿದೆಯೋ ಏನೋ.

ಈಗ ಸಿದ್ಧಾಂತಕ್ಕೆ ಬರುತ್ತೇನೆ. ಗೆಳೆಯರ ಜೊತೆ ಊರು ನೋಡುವವರಲ್ಲಿ ಎರಡು ಪಂಗಡ. ಊರನ್ನು ನೋಡಲು ಬಂದವರು ಒಂದು, ಗೆಳೆಯರನ್ನು... ಎಂದು ಅಂದು ಮಧ್ಯಾಹ್ನವೇ ನಾನು ಇದನ್ನು ಅವರ ಮುಂದೆ ಮಂಡಿಸಲು ಹೊರಟಿದ್ದೆ. ಮಳೆ ಬಂತು. ಪಟಪಟನೆ ಬೀಳುವಂಥ ದಪ್ಪ ಹನಿಯ ಮಳೆಯಲ್ಲ, ನಿಲ್ಲುವ ಮನಸ್ಸೇ ಇಲ್ಲದ ಜಿಟಿಜಿಟಿ. ನಾಲ್ವರಲ್ಲಿ ಕೊಡೆ ತಂದಿದ್ದವರು ಅತ್ತಿಗೆ ಒಬ್ಬರೇ. ಅದು ಹಳದಿ ಚೀಟಿ ಕಟ್ಟಿಸಿಕೊಂಡು ರಿಸೆಪ್ಷನ್ನಿನಲ್ಲಿ ನಮಗಿಂತ ಮೊದಲೇ ಹೊರಟು ನಿಂತಿತ್ತು. ಕಮಾನಿನ ಕೆಳಗೆ ಒತ್ತಿಕೊಂಡು ನಿಂತಾಗ ನನ್ನ ಸಿದ್ಧಾಂತ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮಳೆ ಬಿಟ್ಟು ಚಾರ್ಲ್ಸ್ ಸೇತುವೆಗೆ ಬಂದಾಗ ಕೋಟೆಯೊಳಗೆ ಹೋಗುವ ಸಮಯ ಮುಗಿದಿತ್ತು. ಸೇತುವೆಯ ತುದಿಯಲ್ಲಿ ಎಂಜಿನಿಯರ್ ಒಂದು ಮಾತು ಹೇಳಿ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡ. ನಾಲ್ಕನೆಯ ಚಾರ್ಲ್ಸ್ ಈ ಸೇತುವೆಗೆ ಪಾಯ ಹಾಕಿದ್ದು 1357ರ ಜುಲೈ 9ರ ಬೆಳಗಿನ 5 ಗಂಟೆ 31 ನಿಮಿಷಕ್ಕೆ ಎನ್ನುತ್ತಾರೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷ ಸಾಲಾಗಿ ಬರೆದರೆ 1, 3, 5, 7, 9, 7, 5, 3, 1. ಬೆಸ ಸಂಖ್ಯೆಗಳು ಸೇತುವೆಯಂತೆ ಏರಿ ಇಳಿಯುತ್ತವೆ. ಜ್ಯೋತಿಷಿಗಳು ಆರಿಸಿಕೊಟ್ಟ ಗಳಿಗೆಯಂತೆ. ಅತ್ತಿಗೆ ಹಿಗ್ಗಿಹೋದರು. "ಮುಹೂರ್ತ! ಇಷ್ಟು ಹೊತ್ತೂ ನನ್ನನ್ನು ನೋಡಿ ನಗುತ್ತಿದ್ದಿರಲ್ಲ. ಯಾವ ವಾರ ಅದು?" ಹಳೆಯ ಜೂಲಿಯನ್ ಕ್ಯಾಲೆಂಡರಿನ ಪ್ರಕಾರ ಮೇಷ್ಟ್ರು ಬೆರಳು ಮಡಚಿ ಎಣಿಸಿ ಭಾನುವಾರ ಎಂದರು. ಭಾನುವಾರದ ರಾಹುಕಾಲ ಎಂಟನೆಯ ಪಾಲು, ಸಂಜೆ. ಬೆಳಗಿನ ಐದೂವರೆಗೆ ಏನೂ ದೋಷವಿಲ್ಲ. ಸಂಜೆಯ 5:31 ಆಗಿದ್ದಿದ್ದರೆ ಮೈಸೂರು ಕ್ಯಾಲೆಂಡರಿನ ಲೆಕ್ಕದಲ್ಲಿ ಸೇತುವೆ ಸಿಕ್ಕಿಬೀಳುತ್ತಿತ್ತು.

ಎಂಜಿನಿಯರ್ ಬಿಡಲಿಲ್ಲ. ಗುಡ್ಡದ ಮೇಲೆ ಕಾಣುತ್ತಿದ್ದ ಸಂತ ವೀಟಸ್ ಕೆಥೆಡ್ರಲಿನ ಗೋಪುರಗಳತ್ತ ಕೈತೋರಿಸಿ, "ಅದಕ್ಕೆ ಪಾಯ ಹಾಕಿದ್ದು 1344ರ ನವೆಂಬರ್ 21. ಮುಗಿದದ್ದು 1929. ಅದರ ವಾರ ಹೇಳಿ" ಎಂದ. ಮೇಷ್ಟ್ರು ಎಣಿಸಿದರು. ಅದೂ ಭಾನುವಾರವೇ. 585 ವರ್ಷ! ನಮ್ಮ ಕಡೆ ಸೈಟು ಕೊಂಡು ಮನೆ ಕಟ್ಟಿಸುವವರಿಗೆ ಹೇಳಬೇಕಾದ ಸಂಗತಿ. "ಈ ಸೇತುವೆಯದೂ ಅಷ್ಟೇ, ಮುಗಿಯುವ ಹೊತ್ತಿಗೆ ಹದಿನೈದನೆಯ ಶತಮಾನ ಬಂದಿತ್ತು. 1890ರ ಪ್ರವಾಹದಲ್ಲಿ ಮೂರು ಕಮಾನು ಕೊಚ್ಚಿಕೊಂಡು ಹೋದವು. ಎಲ್ಲಿ ಹೋಯಿತು ನಿಮ್ಮ ಒಂದು ಮೂರು ಐದು ಏಳು?" ಎಂದು ಅವನು ಗೆದ್ದವನಂತೆ ಕೈಕಟ್ಟಿ ನಿಂತ.

ಅತ್ತಿಗೆ ವಲ್ತಾವಾ ನದಿಯ ಕಡೆ ಬಗ್ಗಿ ಕಂಬಗಳ ಬುಡ ನೋಡಿದರು. "ಮುಹೂರ್ತ ಇಟ್ಟದ್ದು ಪಾಯಕ್ಕೆ ತಾನೆ? ಪಾಯದ ಕಲ್ಲು ಕೊಚ್ಚಿಹೋಯಿತು ಅಂತ ನೀವು ಹೇಳಲಿಲ್ಲ. ಹೋದದ್ದು ಕಮಾನು."

ಎಂಜಿನಿಯರ್ ನನ್ನ ಮುಖ ನೋಡಿದ. ನಾನು ನದಿಯ ಕಡೆ ನೋಡಿದೆ. ಮೇಷ್ಟ್ರು ಅಷ್ಟರಲ್ಲಿ ಸೇತುವೆಯ ವಿಗ್ರಹಗಳ ಪೀಠದ ಮೇಲಿನ ಲ್ಯಾಟಿನ್ ಬರಹಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಲು ಶುರುಮಾಡಿ ಮೂರನೆಯದಕ್ಕೆ ಬಂದಿದ್ದರು. ಒಟ್ಟು 30 ಇವೆ.